ಲಾರಿ ಎಂಜಿನ್ ಆಯಿಲ್ ಲೀಕ್: ಗೇರ್‌ಬಾಕ್ಸ್ ಎರಡು ಸಲ ಇಳಿಸಿದ ಕೆಲಸ, ದಿನದ ಪ್ರಕಾರ

ಮೂರು ವಾರದ ಹಿಂದೆ ಇದೇ ಲಾರಿದು ಗೇರ್‌ಬಾಕ್ಸ್ ಇಳಿಸಿ ಹಿಂದಿನ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟ್ ಹಿಂದಿನ ತುದಿಯಿಂದ ಎಣ್ಣೆ ಹೊರಗೆ ಬರದ ಹಾಗೆ ತಡೆಯೋ ಬಳೆ) ಬದಲಾಯಿಸಿದ್ದೆ. ಒಂಬತ್ತನೇ ದಿನಕ್ಕೆ ಲಾರಿ ವಾಪಸ್ ಬಂತು, ಬೆಲ್ ಹೌಸಿಂಗ್ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಮಧ್ಯೆ ಕ್ಲಚ್ ಮುಚ್ಚಿರೋ ಕವಚ) ಕೆಳಗಿನ ತೂತಲ್ಲಿ ಅದೇ ಕರಿ ಎಣ್ಣೆ, ಅದೇ ತೊಟ್ಟು. ಡ್ರೈವರ್ ಬೈಲಿಲ್ಲ, "ಅಣ್ಣ, ಸೀಲು ಡೂಪ್ಲಿಕೇಟ್ ಇರ್ಬೇಕು, ಇನ್ನೊಂದು ಹಾಕ್ಬಿಡಿ" ಅಂದ್ರು ಅಷ್ಟೇ. ಸೀಲು ಡೂಪ್ಲಿಕೇಟ್ ಅಲ್ಲ. ತಪ್ಪು ನಂದಿತ್ತು, ಅದರ ಜೊತೆ ಸೀಲಿಗೆ ಸಂಬಂಧವೇ ಇಲ್ಲದ ಇನ್ನೊಂದು ಕಾರಣನೂ ಇತ್ತು. ಅದು ಸಿಗೋಕೆ ಮೂರು ದಿನ ಹಿಡೀತು, ಪೂರ್ತಿ ಕೆಲಸ ಎಂಟು ದಿನ. ಯಾರಾದ್ರೂ ಇದೇ ಥರ ಸೀಲ್ ಮೇಲೆ ಸೀಲ್ ಹಾಕ್ತಾ ಕೂತಿದ್ರೆ ಒಂದು ಗೇರ್‌ಬಾಕ್ಸ್ ಇಳಿಸೋ ಕೆಲಸನಾದ್ರೂ ಉಳೀಲಿ ಅಂತ ಎಲ್ಲಾ ಬರೀತಿದೀನಿ.

ಗಾಡಿ ವಿವರ ಇಷ್ಟು: ಸಾಲಾಗಿರೋ ಆರು ಸಿಲಿಂಡರ್, ಟರ್ಬೋ, ಆರು ಲೀಟರ್‌ಗೆ ಸ್ವಲ್ಪ ಕಮ್ಮಿ ಸೈಜಿನ ಎಂಜಿನ್, ಬ್ರೇಕಿಗೆ ಏರ್ ಕಂಪ್ರೆಸರ್ ಎಂಜಿನ್ ಮುಂದಿನ ಗೇರ್‌ಗಳಿಂದಾನೇ ಓಡುತ್ತೆ. ಓಡಿರೋದು ನಾಲ್ಕು ಲಕ್ಷ ಕಿಲೋಮೀಟರ್ ಮೇಲೆ. ಚೇಂಬರ್‌ಗೆ (ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ) 18 ಲೀಟರ್ ಎಣ್ಣೆ ಹಿಡಿಯುತ್ತೆ. ಸುಮಾರು 400 ಕಿಲೋಮೀಟರ್‌ಗೆ ಒಂದು ಲೀಟರ್ ಟಾಪ್ ಅಪ್ ಮಾಡ್ತಾ ಇದ್ರಂತೆ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಗ್ಗೆ ಊಟದ ತಟ್ಟೆ ಅಗಲದ ಕಲೆ.

ಮೊದಲ ಸಲ ನಾನು ಮಾಡಿದ ತಪ್ಪುಗಳನ್ನ ಇಲ್ಲೇ ಬರೆದುಬಿಡ್ತೀನಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಎಂಜಿನ್ ತೊಳೀಲಿಲ್ಲ. ಬೆಲ್ ಹೌಸಿಂಗ್ ತೂತಲ್ಲಿ ಎಣ್ಣೆ ಕಂಡ ಕೂಡ್ಲೇ ಹಿಂದಿನ ಸೀಲು ಅಂತ ತೀರ್ಮಾನ ಮಾಡ್ದೆ. ಬ್ಯಾಕ್ ಕಂಪ್ರೆಷನ್ (ಪಿಸ್ಟನ್ ರಿಂಗ್ ದಾಟಿ ಎಂಜಿನ್ ಕೆಳಭಾಗಕ್ಕೆ ನುಗ್ಗೋ ಗಾಳಿ) ನೋಡಿದ್ದು ಆಯಿಲ್ ಹಾಕೋ ಮುಚ್ಚಳ ತೆಗೆದು ಕೈ ಅಡ್ಡ ಇಟ್ಟು, ಅಷ್ಟೇ, ಅಳೀಲಿಲ್ಲ. ಹಳೇ ಸೀಲ್ ಕೂತಿದ್ದ ಜಾಗದಲ್ಲಿ ಕ್ರ್ಯಾಂಕ್ ಮೇಲೆ ಗೆರೆ ಇತ್ತು, ಅದನ್ನ ಎಮರಿ ಪೇಪರ್‌ನಲ್ಲಿ ಅಡ್ಡಾದಿಡ್ಡಿ ಉಜ್ಜಿದೆ. ಹೊಸ ಸೀಲಿನ ತುಟಿಗೆ ಅಭ್ಯಾಸಬಲದಿಂದ ಎಣ್ಣೆ ಸವರಿದೆ. ಚೇಂಬರ್ ಪ್ಯಾಕಿಂಗ್ (ಗ್ಯಾಸ್ಕೆಟ್) ಹಿಂದಿನ ಅಂಚಲ್ಲಿ ಹರಿದಿತ್ತು, ಚೇಂಬರ್ ಇಳಿಸದೆ ಅಲ್ಲಿಗೆ ಸಿಲಿಕಾನ್ ತುರುಕಿದೆ. ಇವೆಲ್ಲ ಒಂದೊಂದಾಗಿ ನನ್ನ ಮುಂದೆ ವಾಪಸ್ ಬಂದ್ವು.

ದಿನ 1: ತೊಳೆಯೋದು

ಈ ಸಲ ಒಂದು ಸ್ಪ್ಯಾನರ್ ಕೂಡ ಹಿಡೀದೆ ಮೊದಲು ತೊಳೆದೆ. ಎಂಜಿನ್ ಪೂರ್ತಿ ಆರಿದ ಮೇಲೆ ಕ್ಯಾಬಿನ್ ಎತ್ತಿ ಲಾಕ್ ಹಾಕಿ, ಚಕ್ರಗಳಿಗೆ ಹಿಂದೆ ಮುಂದೆ ದಿಮ್ಮಿ ಕೊಟ್ಟು, ಬ್ಯಾಟರಿ ಕಳಚಿ, ಆಲ್ಟರ್ನೇಟರ್, ಸ್ಟಾರ್ಟರ್, ವೈರಿಂಗ್ ಕನೆಕ್ಟರ್‌ಗಳು, ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಪೈಪ್) ಬಾಯಿ, ಏರ್ ಫಿಲ್ಟರ್ ಬಾಯಿ ಇಷ್ಟಕ್ಕೂ ಪ್ಲಾಸ್ಟಿಕ್ ಕಟ್ಟಿದೆ. ಜಿಡ್ಡು ಬಿಡಿಸೋ ದ್ರಾವಣ ಹೊಡೆದು 15 ನಿಮಿಷ ಬಿಟ್ಟು ಬ್ರಶ್‌ನಲ್ಲಿ ಉಜ್ಜಿ ನೀರು ಬಿಟ್ಟೆ. ಪ್ರೆಶರ್ ನೀರನ್ನ ಮುಂದಿನ ಸೀಲಿಗೆ ನೇರವಾಗಿ ಹಿಡೀಬಾರ್ದು, ತುಟಿ ಒಳಗೆ ನೀರು ಮಣ್ಣು ಹೋಗುತ್ತೆ. ಕೆಲವು ಕಡೆ ಜಿಡ್ಡು ಮಣ್ಣು ಸೇರಿ ಅರ್ಧ ಇಂಚು ದಪ್ಪ ಇತ್ತು, ಅದನ್ನ ಮರದ ಚಕ್ಕೆಯಲ್ಲಿ ಕೆರೆದು ತೆಗೆದೆ. ಆಮೇಲೆ ಗಾಳಿ ಹೊಡೆದು ಒಣಗಿಸಿ ರಾತ್ರಿಯಿಡೀ ಹಾಗೇ ಬಿಟ್ಟೆ.

ಇಡೀ ದಿನ ಇದಕ್ಕೇ ಹೋಯ್ತು. ಮೊದಲ ಸಲ ಈ ಒಂದು ದಿನ ಉಳಿಸೋಕೆ ಹೋಗಿ ಎರಡು ದಿನದ ಗೇರ್‌ಬಾಕ್ಸ್ ಕೆಲಸ ವ್ಯರ್ಥ ಮಾಡ್ಕೊಂಡಿದ್ದೆ.

ದಿನ 2: ಎಲ್ಲೆಲ್ಲಿ ಜಿನುಗ್ತಿದೆ

ಮೊದಲು ಎಣ್ಣೆ ಯಾವುದು ಅಂತ ಖಾತ್ರಿ ಮಾಡ್ಕೊಂಡೆ. ಬೆಲ್ ಹೌಸಿಂಗ್ ತೂತಿಂದ ಬರೋದು ಎಂಜಿನ್ ಎಣ್ಣೆನೇ ಆಗ್ಬೇಕಂತಿಲ್ಲ, ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಸೀಲ್ ಹೋಗಿದ್ರೂ ಅದೇ ತೂತಿಂದಾನೇ ಬರುತ್ತೆ. ಗೇರ್ ಎಣ್ಣೆಗೆ ಗಂಧಕದ ಗಾಟು ವಾಸನೆ ಇರುತ್ತೆ, ಬೆರಳಿಗೆ ಅಂಟಂಟಾಗಿರುತ್ತೆ. ಇದು ಕಪ್ಪು, ತೆಳು, ಸುಟ್ಟ ವಾಸನೆ, ಎಂಜಿನ್ ಎಣ್ಣೆನೇ. ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಟ್ಟು ನೋಡ್ದೆ, ಸುತ್ತ ಡೀಸೆಲ್ ಹರಡಿದ ಥರ ಅಗಲ ತೆಳು ಉಂಗುರ ಬರಲಿಲ್ಲ, ಅಂದ್ರೆ ಎಣ್ಣೆಗೆ ಡೀಸೆಲ್ ಸೇರಿರೋ ಹಾಗೆ ಕಾಣ್ಲಿಲ್ಲ.

ಆಮೇಲೆ ಎಣ್ಣೆಗೆ ಹೊಳೆಯೋ ಡೈ ಹಾಕ್ದೆ, ಯೂವಿ ಟಾರ್ಚ್ ಬಿಟ್ರೆ ಹಸಿರು ಹಳದಿ ಹೊಳೆಯುತ್ತಲ್ಲ ಅದು. ಡಬ್ಬಿ ಮೇಲೆ ಬರೆದಿರೋ ಪ್ರಮಾಣ ಸಾಮಾನ್ಯವಾಗಿ ಕಾರಿನ ಲೆಕ್ಕದ್ದು, 18 ಲೀಟರ್‌ಗೆ ಅದನ್ನ ಹೆಚ್ಚಿಸ್ಬೇಕು, ನಾನು ಮೊದಲು ಒಂದೇ ಡೋಸ್ ಹಾಕಿ 20 ನಿಮಿಷ ಓಡಿಸಿ ಟಾರ್ಚ್ ಬಿಟ್ರೆ ಏನೂ ಕಾಣ್ಲಿಲ್ಲ, ಹಳೇ ಕರಿ ಎಣ್ಣೆಯಲ್ಲಿ ಡೈ ಮಂಕಾಗಿಬಿಡುತ್ತೆ. ಇನ್ನೂ ಎರಡು ಡೋಸ್ ಸೇರಿಸಿದ ಮೇಲೆ ಕಾಣ್ತು. ಸಂಶಯ ಇರೋ ಜಾಯಿಂಟ್‌ಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿದೆ, ಎಣ್ಣೆ ಒಂದು ಹನಿ ಬಂದ್ರೂ ಪೌಡರ್ ಮೇಲೆ ಕಂದು ಗೆರೆ ಬೀಳುತ್ತೆ. ನಿಜ ಹೇಳ್ಬೇಕಂದ್ರೆ ಡೈಗಿಂತ ಪೌಡರೇ ಜಾಸ್ತಿ ಕೆಲಸ ಮಾಡ್ತು.

ಫ್ಯಾನ್ ಗಾಳಿ ಎಣ್ಣೆನ ಹಿಂದಕ್ಕೆ ತಳ್ಳುತ್ತೆ, ಭಾರ ಕೆಳಗೆ ಎಳೆಯುತ್ತೆ, ಹಾಗಾಗಿ ಒದ್ದೆ ಇರೋ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರೋದು, ಎಲ್ಲಕ್ಕಿಂತ ಮುಂದಿರೋದು ಯಾವುದು ಅಂತ ನೋಡ್ತಾ ಹೋದೆ. ಸಿಕ್ಕಿದ್ದು ನಾಲ್ಕು:

ಒಂದು, ಆರನೇ ಸಿಲಿಂಡರ್ ಟ್ಯಾಪೆಟ್ ಕವರ್ (ಹೆಡ್ ಮೇಲಿನ ಮುಚ್ಚಳ) ಹಿಂದಿನ ಮೂಲೆ. ಅಲ್ಲಿಂದ ಇಳಿದ ಎಣ್ಣೆ ಹೆಡ್ ಹಿಂಭಾಗದಲ್ಲಿ ಹರಿದು ಫ್ಲೈವೀಲ್ ಹೌಸಿಂಗ್ ಜಾಯಿಂಟ್ ಹತ್ರ ಸೇರಿ ಅದರ ಅಂಚಲ್ಲೇ ಸುತ್ತಿ ಬೆಲ್ ಹೌಸಿಂಗ್ ತೂತಿನ ಹತ್ರಾನೇ ತೊಟ್ಟಿಕ್ಕುತ್ತೆ. ಕೆಳಗಿಂದ ನೋಡಿದ್ರೆ ಥೇಟ್ ಕ್ರ್ಯಾಂಕ್ ಸೀಲ್ ಲೀಕ್.

ಎರಡು, ಟರ್ಬೋದಿಂದ ಕೆಳಗೆ ಎಣ್ಣೆ ಇಳಿಯೋ ಪೈಪಿನ ಪ್ಯಾಕಿಂಗ್. ಇದು ಕಮ್ಮಿ, ಆದ್ರೆ ಭಯ ಆಗೋ ಜಾಗ, ಯಾಕಂದ್ರೆ ಪಕ್ಕದಲ್ಲೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದೆ, ಬಿಸಿ ಮ್ಯಾನಿಫೋಲ್ಡ್ ಮೇಲೆ ಎಣ್ಣೆ ಬಿದ್ರೆ ಬೆಂಕಿ. ಲೀಕ್ ಎಷ್ಟೇ ಸಣ್ಣದಿದ್ರೂ ಈ ಜಾಗದ್ದನ್ನ ನಾಳೆಗೆ ಅಂತ ಬಿಡಬಾರ್ದು.

ಮೂರು, ಪಂಪ್ ಇರೋ ಕಡೆ ಬ್ಲಾಕ್ ಪಕ್ಕದ ಕವರ್, ಬರೀ ಬೆವರಿದ ಹಾಗೆ.

ನಾಲ್ಕು, ಬೆಲ್ ಹೌಸಿಂಗ್ ಒಳಗಿಂದ. ಇನ್ಸ್ಪೆಕ್ಷನ್ ಪ್ಲೇಟ್ ತೆಗೆದು ಸಣ್ಣ ಕನ್ನಡಿ ಇಟ್ಟು ಟಾರ್ಚ್ ಬಿಟ್ರೆ ಫ್ಲೈವೀಲ್ ಹಿಂದೆ ಹೊಳೀತಿತ್ತು. ಅಂದ್ರೆ ಮೇಲಿಂದ ಇಳಿದದ್ದು ಒಂದು ಪಾಲು, ಒಳಗಿಂದ ಬರೋದೂ ನಿಜ.

ಒಂದೇ ಎಂಜಿನ್‌ನಲ್ಲಿ ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಜಾಗದಲ್ಲಿ ಒಟ್ಟಿಗೆ ಪ್ಯಾಕಿಂಗ್ ಹೋಗೋದು ಅಪರೂಪ. ಒಳಗಿಂದ ಏನೋ ತಳ್ತಿದೆ ಅನ್ನೋ ಅನುಮಾನ ಬಂದಿದ್ದು ಇಲ್ಲಿ. ಡ್ರೈವರ್‌ನ ಕೇಳ್ದಾಗ ಇನ್ನೊಂದು ಮಾತು ಹೇಳಿದ್ರು, ಎಣ್ಣೆ ಮಟ್ಟ ನೋಡೋ ಡಿಪ್‌ಸ್ಟಿಕ್ ಆಗಾಗ ತಾನಾಗೇ ಮೇಲೆ ಎದ್ದಿರುತ್ತೆ ಅಂತ. ಮೊದಲ ಸಲ ನಾನು ಅವರನ್ನ ಏನೂ ಕೇಳಿರ್ಲಿಲ್ಲ.

ದಿನ 3: ಒಳಗಿನ ಗಾಳಿ ಅಳೆಯೋದು

ಇದಕ್ಕೆ ದುಬಾರಿ ಮೀಟರ್ ಬೇಡ. ಎರಡು ಮೀಟರ್ ಉದ್ದದ ಪಾರದರ್ಶಕ ಪೈಪ್, ಒಂದು ಹಲಗೆ, ಒಂದು ಸ್ಕೇಲ್, ಸ್ವಲ್ಪ ಬಣ್ಣ ಹಾಕಿದ ನೀರು ಸಾಕು. ಪೈಪನ್ನ ಯು ಆಕಾರದಲ್ಲಿ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿ, ಒಂದು ತುದಿ ಎಂಜಿನ್‌ಗೆ, ಇನ್ನೊಂದು ತುದಿ ಗಾಳಿಗೆ. ಎರಡು ಕಡೆ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ, 100 ಮಿಲಿಮೀಟರ್ ನೀರು ಅಂದ್ರೆ ಹತ್ತಿರ ಹತ್ತಿರ 1 ಕಿಲೋಪಾಸ್ಕಲ್. ಒಂದು ಕಡೆ ಏರಿದ್ದಷ್ಟೇ ಅಳೆದ್ರೆ ಅರ್ಧ ಲೆಕ್ಕ ಆಗುತ್ತೆ, ಮೇಲೇರಿದ್ದು ಕೆಳಗಿಳಿದದ್ದು ಎರಡೂ ಕೂಡಿಸ್ಬೇಕು.

ಮೊದಲು ಡಿಪ್‌ಸ್ಟಿಕ್ ಪೈಪಿಗೆ ಸಿಕ್ಕಿಸಿದೆ. ನೀರು ಸರಿಯಾಗಿ ನಿಲ್ಲಲೇ ಇಲ್ಲ, ಕುಣೀತಾನೇ ಇತ್ತು. ಅರ್ಧ ಗಂಟೆ ತಲೆ ಕೆಡಿಸ್ಕೊಂಡ ಮೇಲೆ ಹೊಳೀತು, ಈ ಎಂಜಿನ್‌ನಲ್ಲಿ ಡಿಪ್‌ಸ್ಟಿಕ್ ಪೈಪಿನ ಕೆಳ ತುದಿ ಎಣ್ಣೆಯಲ್ಲಿ ಮುಳುಗಿರುತ್ತೆ, ಅಲ್ಲಿ ಗಾಳಿ ಅಳೆಯೋಕೆ ಆಗಲ್ಲ. ಒಂದು ಹಳೇ ಆಯಿಲ್ ಮುಚ್ಚಳಕ್ಕೆ ತೂತು ಕೊರೆದು ನಿಪ್ಪಲ್ ಕೂರಿಸಿ ಸುತ್ತ ಸಿಲಿಕಾನ್ ಹಾಕಿ ಆರಿಸಿ, ಅದನ್ನ ಟ್ಯಾಪೆಟ್ ಕವರ್ ಮೇಲೆ ಹಾಕ್ದೆ. ಆಗ ನೀರು ನಿಂತ್ಕೊಳ್ತು.

ಎಂಜಿನ್ ಬಿಸಿ ಮಾಡಿ, ಲೋಡ್ ಇಲ್ದೆ, ಪೂರ್ತಿ ಆಕ್ಸಿಲರೇಟರ್‌ನಲ್ಲಿ: 150 ಮಿಲಿಮೀಟರ್. ಎಷ್ಟಿರ್ಬೇಕು ಅನ್ನೋದು ಎಂಜಿನ್ನಿಂದ ಎಂಜಿನ್‌ಗೆ ಬೇರೆ, ಅವರವರ ಮ್ಯಾನ್ಯುಯಲ್‌ನೇ ನೋಡ್ಬೇಕು, ಆದ್ರೆ ಲೋಡ್ ಇಲ್ಲದಾಗ ಇಷ್ಟು ಬಂದ್ರೆ ಏನೋ ಸರಿ ಇಲ್ಲ.

ಬ್ರೀದರ್ ಬಿಚ್ಚಿದೆ. ಪೈಪು ಚಾಸಿಸ್ ಹತ್ರ ತಿರುಗೋ ಜಾಗದಲ್ಲಿ ಮೆತ್ತಗಾಗಿ ಚಪ್ಪಟೆ ಆಗಿತ್ತು, ಒಳಗೆ ಕರಿ ಗಸಿ. ಒಳಗಿನ ಜಾಲರಿ ಡೀಸೆಲ್‌ನಲ್ಲಿ ನೆನೆಹಾಕಿ ತೊಳೆದು ಗಾಳಿ ಹೊಡೆದು, ಪೈಪ್ ಹೊಸದು ಹಾಕ್ದೆ. ಮತ್ತೆ ಅಳೆದೆ: 95. ಖುಷಿ ಆಯ್ತು, ಇದೇ ಕಾರಣ ಅಂತ ಮುಗಿಸೋಕೆ ಹೊರಟಿದ್ದೆ. ಆದ್ರೂ 95 ಜಾಸ್ತಿನೇ, ಉಳಿದದ್ದು ರಿಂಗ್ ಸವೆದಿರೋದಕ್ಕೆ ಇರ್ಬೇಕು, ನಾಲ್ಕು ಲಕ್ಷ ಓಡಿದೆ, ಎಂಜಿನ್ ಬಿಚ್ಚೋ ಕೆಲಸ ಬಂತು ಅಂತ ಡ್ರೈವರ್‌ಗೆ ಹೇಳೋದು ಹೇಗೆ ಅಂತ ಯೋಚಿಸ್ತಾ ಹಲಗೆ ಮುಂದೆ ಕೂತಿದ್ದೆ.

ಎಂಜಿನ್ ಓಡ್ತಾನೇ ಇತ್ತು. ಏರ್ ಗೇಜ್ ಮುಳ್ಳು ನಿಧಾನಕ್ಕೆ ಏರ್ತಾ 8 ಬಾರ್ ಹತ್ರ ಬಂತು, ಏರ್ ಡ್ರೈಯರ್ "ಚುಸ್" ಅಂತ ಗಾಳಿ ಬಿಡ್ತು, ಅದೇ ಕ್ಷಣಕ್ಕೆ ಪೈಪಿನಲ್ಲಿ ನೀರು ಕೈಯಲ್ಲಿ ಎಳೆದ ಹಾಗೆ ಇಳೀತು. 30ಕ್ಕೆ ಬಂದು ನಿಂತಿತು. ಆಕ್ಸಿಲರೇಟರ್ ಮುಟ್ಟಿಲ್ಲ, ಏನೂ ಮುಟ್ಟಿಲ್ಲ. ಬ್ರೇಕ್ ನಾಲ್ಕೈದು ಸಲ ತುಳಿದೆ, ಗಾಳಿ ಇಳೀತು, ಕಂಪ್ರೆಸರ್ ಮತ್ತೆ ತುಂಬೋಕೆ ಶುರು ಮಾಡ್ತು, ನೀರು ಮತ್ತೆ ನಿಧಾನಕ್ಕೆ 95ಕ್ಕೆ ಏರ್ತು. ಮತ್ತೆ ಚುಸ್, ಮತ್ತೆ 30. ಆರು ಸಲ ಮಾಡಿ ನೋಡ್ದೆ, ಆರೂ ಸಲ ಅದೇ.

ಚುಸ್ ಅಂದ್ರೆ ಟ್ಯಾಂಕ್ ತುಂಬಿ ಕಂಪ್ರೆಸರ್ ಗಾಳಿ ಒತ್ತೋದು ನಿಲ್ಲಿಸಿತು ಅಂತ. ಎಂಜಿನ್ ರಿಂಗ್ ಅಲ್ಲ. ಬ್ರೇಕಿನ ಏರ್ ಕಂಪ್ರೆಸರ್! ಅದರ ಪಿಸ್ಟನ್ ರಿಂಗ್ ಸವೆದು, ಟ್ಯಾಂಕಿಗೆ ಹೋಗ್ಬೇಕಾದ ಗಾಳಿಯಲ್ಲಿ ಒಂದು ಪಾಲು ಕೆಳಗೆ ನುಗ್ಗಿ, ಕಂಪ್ರೆಸರ್ ಎಣ್ಣೆ ವಾಪಸ್ ಹೋಗೋ ದಾರಿಯಲ್ಲೇ ಎಂಜಿನ್ ಗೇರ್ ಕೇಸಿಗೆ, ಅಲ್ಲಿಂದ ಕ್ರ್ಯಾಂಕ್ ಕೇಸಿಗೆ (ಎಂಜಿನ್ ಕೆಳಭಾಗದ ಒಳಗೆ) ಬರ್ತಾ ಇತ್ತು. ಖಾತ್ರಿಗೆ ಇನ್ನೊಂದು ಪರೀಕ್ಷೆ: ಟ್ಯಾಂಕ್ ಗಾಳಿ ಪೂರ್ತಿ ಬಿಟ್ಟು, ಚಕ್ರದ ದಿಮ್ಮಿ ಇನ್ನೊಮ್ಮೆ ನೋಡಿ, ಕಂಪ್ರೆಸರ್ ಹೆಡ್ಡಿಂದ ಹೊರಡೋ ಪೈಪ್ ಕಳಚಿ ಎರಡು ನಿಮಿಷ ಓಡಿಸಿದೆ. ನೀರು 25. ಅಷ್ಟು ಗಾಳಿ ಎಂಜಿನ್ನಿನ ಸ್ವಂತದ್ದು, ಈ ವಯಸ್ಸಿಗೆ ತಪ್ಪೇನಿಲ್ಲ.

ಟ್ಯಾಂಕಿನ ಡ್ರೇನ್ ಕಾಕ್ ಬಿಟ್ಟಾಗ ನೀರಿನ ಜೊತೆ ಕರಿ ಎಣ್ಣೆ ಒಂದು ಲೋಟದಷ್ಟು ಬಿತ್ತು. "ಇದು ಆರು ತಿಂಗಳಿಂದ ಹಿಂಗೇ ಬರ್ತಿದೆ ಅಣ್ಣ, ಬ್ರೇಕ್ ಚೆನ್ನಾಗೇ ಹಿಡೀತಿದೆಯಲ್ಲ ಅಂತ ಬಿಟ್ಟಿದ್ದೆ" ಅಂದ್ರು ಡ್ರೈವರ್. ರಿಂಗ್ ಹೋದ ಕಂಪ್ರೆಸರ್ ಗಾಳಿನ ಕೆಳಗೆ ಬಿಡುತ್ತೆ, ಎಣ್ಣೆನ ಮೇಲೆ ಬಿಡುತ್ತೆ. ಟಾಪ್ ಅಪ್ ಮಾಡ್ತಿದ್ದ ಎಣ್ಣೆಯಲ್ಲಿ ಒಂದು ಪಾಲು ನೆಲಕ್ಕಲ್ಲ, ಏರ್ ಟ್ಯಾಂಕಿಗೇ ಹೋಗ್ತಿತ್ತು.

ದಿನ 4: ಕಂಪ್ರೆಸರ್

ಬಿಚ್ಚೋ ಮುಂಚೆ ಗೇರ್ ಹಲ್ಲುಗಳಿಗೆ ಪೇಂಟ್ ಗುರುತು ಹಾಕಿದೆ, ಕೆಲವು ಒಂದೇ ಸಿಲಿಂಡರ್ ಕಂಪ್ರೆಸರ್‌ಗಳನ್ನ ಕ್ರ್ಯಾಂಕ್ ಸ್ಥಾನಕ್ಕೆ ಹೊಂದಿಸಿ ಕೂರಿಸಿರ್ತಾರೆ, ಹಲ್ಲು ತಪ್ಪಿದ್ರೆ ಎಂಜಿನ್ ನಡುಗುತ್ತೆ. ಕೂಲೆಂಟ್ ಇಳಿಸಿ, ಎಣ್ಣೆ ಪೈಪಿನ ಬ್ಯಾಂಜೋ ಬೋಲ್ಟ್ (ಒಳಗೆ ಎಣ್ಣೆ ಹರಿಯೋ ತೂತಿರೋ ಬೋಲ್ಟ್) ಬಿಚ್ಚಿ, ಹಿಂದಿನ ಸಪೋರ್ಟ್ ಬಿಚ್ಚಿ ಹೊರಗೆ ತೆಗೆದೆ. ಹೆಡ್ ತೆಗೆದ್ರೆ ವಾಲ್ವ್ ಪ್ಲೇಟ್ ಮೇಲೆ ಗಟ್ಟಿ ಮಸಿ. ರಿಂಗನ್ನ ಬೋರ್ ಒಳಗೆ ಹಾಕಿ ಪಿಸ್ಟನ್ ತಲೆಯಿಂದ ನೇರ ತಳ್ಳಿ ಫೀಲರ್ ಗೇಜ್ ಇಟ್ಟೆ: ಬಾಯಿ ಅಂತರ 1.3 ಮಿಲಿಮೀಟರ್. ಹೊಸ ರಿಂಗ್ ಇದೇ ಬೋರ್‌ನಲ್ಲಿ ಇಟ್ರೂ 0.7 ಬಂತು, ಅಂದ್ರೆ ಬೋರ್ ಕೂಡ ಸವೆದಿದೆ. ಬರೀ ರಿಂಗ್ ಹಾಕಿ ಮುಗಿಸೋ ಆಸೆ ಇತ್ತು, ಬಿಟ್ಟೆ, ಸಿಲಿಂಡರ್ ಪಿಸ್ಟನ್ ರಿಂಗ್ ಪೂರ್ತಿ ಸೆಟ್ ತರಿಸಿದೆ. ಹೊಸದರಲ್ಲಿ 0.35.

ಕಂಪ್ರೆಸರ್ ಯಾಕೆ ಹೀಗಾಯ್ತು ಅಂತ ನೋಡೋಕೆ ಹೊರಡೋ ಪೈಪ್ ಪರೀಕ್ಷಿಸಿದೆ. ಹೆಡ್ಡಿಂದ ಒಂದು ಗೇಣು ದೂರದಲ್ಲಿ, ಮೊದಲ ಬಾಗಿನಲ್ಲಿ, ಒಳಗೆ ಮಸಿ ಕಟ್ಟಿ ಪೆನ್ಸಿಲ್ ಕೂಡ ತೂರದಷ್ಟು ತೂತು ಉಳಿದಿತ್ತು. ಹೋಗೋ ದಾರಿ ಕಟ್ಟಿದ್ರೆ ಕಂಪ್ರೆಸರ್ ಕಾಯುತ್ತೆ, ಕಾದಷ್ಟೂ ಎಣ್ಣೆ ಸುಟ್ಟು ಮಸಿ ಇನ್ನೂ ಕಟ್ಟುತ್ತೆ. ಪೈಪನ್ನ ತಂತಿ ಹಾಕಿ ಕೆರೆಯೋಕೆ ನೋಡ್ದೆ, ಎರಡು ಗಂಟೆ ಹೋಯ್ತು, ಮಸಿ ಕಲ್ಲಿನ ಹಾಗಿತ್ತು, ಹೊಸದೇ ಹಾಕ್ದೆ. ಇನ್ನೊಂದು, ಹಿಂದಿನ ಆಕ್ಸಲ್ ಹತ್ರ ಒಂದು ಏರ್ ಹೋಸ್ ಜಾಯಿಂಟ್ ಸಣ್ಣಗೆ ಗಾಳಿ ಬಿಡ್ತಿತ್ತು, ಸೋಪಿನ ನೊರೆ ಹಾಕಿದಾಗ ಸಿಕ್ತು. ಗಾಳಿ ಸೋರಿದ್ರೆ ಕಂಪ್ರೆಸರ್‌ಗೆ ಬಿಡುವೇ ಸಿಗಲ್ಲ, ಅದನ್ನೂ ಸರಿ ಮಾಡ್ದೆ. ಏರ್ ಡ್ರೈಯರ್ ಡಬ್ಬಿನೂ ಎಣ್ಣೆ ಕುಡಿದು ಹಾಳಾಗಿತ್ತು, ಬದಲಾಯಿಸ್ದೆ.

ಬ್ಯಾಂಜೋ ಬೋಲ್ಟಿನ ತಾಮ್ರದ ವಾಶರ್ ಹೊಸದು ಹಾಕೋದೇ ಒಳ್ಳೇದು. ಒಂದು ಸೈಜ್ ಸಿಗ್ಲಿಲ್ಲ ಅಂತ ಹಳೇದನ್ನೇ ಕೆಂಪಗೆ ಕಾಸಿ ನೀರಿಗೆ ಹಾಕಿ ಮೆತ್ತಗೆ ಮಾಡಿ, ನುಣ್ಣನೆ ಎಮರಿ ಮೇಲೆ ಎರಡೂ ಮುಖ ತಿಕ್ಕಿ ಹಾಕಿದೀನಿ, ಇಲ್ಲಿವರೆಗೆ ಒಣಗೇ ಇದೆ.

ಕಂಪ್ರೆಸರ್ ಕೂರಿಸಿ ಕೂಲೆಂಟ್ ತುಂಬಿ ಮತ್ತೆ ಹಲಗೆ ಕಟ್ಟಿದೆ. ಗಾಳಿ ತುಂಬುವಾಗ 32, ಚುಸ್ ಆದ ಮೇಲೆ 28. ಇಲ್ಲಿಗೆ ಸೀಲ್ ಮುಟ್ಟೋಕೆ ಅರ್ಹತೆ ಬಂತು ಅಂದ್ಕೊಂಡೆ. ಗೇರ್‌ಬಾಕ್ಸ್ ಇಳಿಸದೇ ಎರಡು ದಿನ ಓಡಿಸಿ ನೋಡೋಣ ಅಂತ ಡ್ರೈವರ್ ಕೇಳಿದ್ರು, ಅದೂ ಸರಿಯಾದ ಮಾತೇ, ಆದ್ರೆ ಹೋದ ಸಲ ನಾನು ಎಣ್ಣೆ ಸವರಿ ಸೀಲ್ ಹಾಕಿದ್ದು ಗೊತ್ತಿದ್ದೂ ಹಾಗೇ ಕಳಿಸೋಕೆ ಮನಸ್ಸು ಒಪ್ಪಲಿಲ್ಲ.

ದಿನ 5 ಮತ್ತು 6: ಗೇರ್‌ಬಾಕ್ಸ್, ಫ್ಲೈವೀಲ್, ಸೀಲು

ಗೇರ್‌ಬಾಕ್ಸ್ ಜಾಕಿ ಮೇಲೆ ಸರಪಳಿ ಕಟ್ಟಿ ಇಳಿಸಿದ್ವಿ, ಇಬ್ಬರು ಬೇಕೇ ಬೇಕು. ಕ್ಲಚ್ ಪ್ಲೇಟ್ ಅಂಚಿಗೆ ಎಣ್ಣೆ ಕುಡಿದಿತ್ತು, ತೊಳೆದ್ರೆ ಹೋಗಲ್ಲ, ಬದಲಾಯಿಸಿದ್ದಾಯ್ತು. ಫ್ಲೈವೀಲ್ ಬಿಚ್ಚುವಾಗ ಎದುರುಬದುರು ಎರಡು ಬೋಲ್ಟ್ ತೆಗೆದು ಅಲ್ಲಿ ಉದ್ದದ ತಲೆ ಕತ್ತರಿಸಿದ ಬೋಲ್ಟ್ ಹಾಕ್ಕೊಂಡೆ, ಭಾರದ ಚಕ್ರ ಅದರ ಮೇಲೆ ಜಾರಿ ಬರುತ್ತೆ, ಕೈ ಮೇಲೆ ಬೀಳಲ್ಲ. ಕ್ಯಾಮ್ ಶಾಫ್ಟ್ ಹಿಂದಿನ ತೂತು ಮುಚ್ಚೋ ಬಿಲ್ಲೆ, ಅಂದ್ರೆ ಕೋರ್ ಪ್ಲಗ್‌ನೂ ಇದೇ ಹೊತ್ತಲ್ಲಿ ನೋಡಿ, ಅದು ಜಿನುಗಿದ್ರೂ ಹೊರಗಿಂದ ಕ್ರ್ಯಾಂಕ್ ಸೀಲ್ ಲೀಕಿನ ಹಾಗೇ ಕಾಣುತ್ತೆ. ನಮ್ಮದು ಒಣಗಿತ್ತು.

ಸೀಲ್ ಕೀಳೋ ಮುಂಚೆ ವರ್ನಿಯರ್‌ನ ಹಿಂದಿನ ಕಡ್ಡಿಯಲ್ಲಿ ನಾಲ್ಕು ಕಡೆ ಆಳ ಅಳೆದೆ: 9.2, 9.3, 10.4, 10.3. ಒಂದು ಮಿಲಿಮೀಟರ್ ಮೇಲೆ ವಾರೆ. ಸುತ್ತಿಗೆಯಲ್ಲಿ ಮರದ ತುಂಡಿಟ್ಟು ಹೊಡೆದು ಕೂರಿಸಿದ್ದು ನಾನೇ, ಕಣ್ಣಿಗೆ ನೇರ ಕಂಡಿತ್ತು.

ಎಣ್ಣೆ ವಿಷಯ ಸ್ವಲ್ಪ ಬಿಡಿಸಿ ಬರೀತೀನಿ. ಹಳೇ ರಬ್ಬರ್ ತುಟಿ ಸೀಲಿಗೆ ಹಾಕೋ ಮುಂಚೆ ಎಣ್ಣೆ ಸವರ್ಬೇಕು, ಒಣಗಿದ್ರೆ ಸುಟ್ಟುಹೋಗುತ್ತೆ. ಈಗ ಬರೋ ಟೆಫ್ಲಾನ್ ತುಟಿ ಸೀಲು ತದ್ವಿರುದ್ಧ, ಅದನ್ನ ಪೂರ್ತಿ ಒಣಗಿಸಿಯೇ ಹಾಕ್ಬೇಕು, ಶಾಫ್ಟೂ ಒಣ, ಸೀಲೂ ಒಣ. ಮೊದಲ ತಿರುಗುವಿಕೆಯಲ್ಲಿ ಟೆಫ್ಲಾನ್ ಒಂದು ತೆಳು ಪದರ ಶಾಫ್ಟ್ ಮೇಲೆ ಬಿಟ್ಟು ಅದರ ಮೇಲೆ ತಾನು ಕೂರುತ್ತೆ, ಮಧ್ಯೆ ಎಣ್ಣೆ ಇದ್ರೆ ಆ ಪದರ ಕೂರಲ್ಲ. ಡಬ್ಬಿಯಲ್ಲಿದ್ದ ಕಾಗದದಲ್ಲಿ ಚಿತ್ರ ಸಮೇತ ಇತ್ತು, ನಾನು ಓದಿರ್ಲಿಲ್ಲ. ಇಪ್ಪತ್ತು ವರ್ಷದ ಕೈ ಅಭ್ಯಾಸ ಕಾಗದ ಬಿಚ್ಚೋಕೆ ಬಿಡ್ಲಿಲ್ಲ.

ಶಾಫ್ಟ್ ಮೇಲೆ ಹಳೇ ತುಟಿ ಕೊರೆದ ಗೆರೆ, ಉಗುರು ಎಳೆದ್ರೆ ಸಿಕ್ಕಿಕೊಳ್ಳುತ್ತೆ. ಅದರ ಸುತ್ತ ನನ್ನ ಎಮರಿ ಗೀಟುಗಳು, ಓರೆಯಾಗಿ. ಓರೆ ಗೀಟು ತಿರುಗುವಾಗ ಸ್ಕ್ರೂ ಎಳೆ ಥರ ಎಣ್ಣೆನ ಹೊರಗೆ ದೂಡುತ್ತೆ, ಬೆರಳಿಗೆ ನುಣ್ಣಗಿದ್ರೂ ಸರಿ. ಸುತ್ತಲೂ ನೇರ ಸುತ್ತಿನಲ್ಲೇ ಉಜ್ಜಬೇಕು, ಇಲ್ಲಾಂದ್ರೆ ಮುಟ್ಟಬಾರ್ದು. ಹೊಸದಾಗಿ ತೆಳ್ಳನೆ ಸ್ಟೀಲ್ ಸ್ಲೀವ್ (ಗೆರೆ ಮುಚ್ಚೋ ಹಾಗೆ ಶಾಫ್ಟ್ ಮೇಲೆ ಕೂರೋ ಬಳೆ) ಹಾಕ್ದೆ, ಗೋಡೆ ದಪ್ಪ 0.28 ಮಿಲಿಮೀಟರ್, ಅಷ್ಟು ತೆಳು ಇರೋದ್ರಿಂದ ಅದೇ ಸೈಜಿನ ಸೀಲೇ ಸರಿಹೋಗುತ್ತೆ. ಅದರ ಜೊತೆ ಬಂದ ಬಟ್ಟಲಿನಿಂದಲೇ ತಟ್ಟಿ ಕೂರಿಸಬೇಕು, ಒಂದು ಪೆಟ್ಟು ಓರೆ ಬಿದ್ರೆ ಮಡಚಿಕೊಳ್ಳುತ್ತೆ. ಸಣ್ಣ ಸಣ್ಣ ಪೆಟ್ಟು, ಪ್ರತಿ ನಾಲ್ಕು ಪೆಟ್ಟಿಗೆ ಬಟ್ಟಲು ಸ್ವಲ್ಪ ತಿರುಗಿಸಿ, ಹೀಗೆ ಮುಕ್ಕಾಲು ಗಂಟೆ.

ಸ್ಲೀವನ್ನ ನೂಲು ಬಿಡದ ಬಟ್ಟೆಯಲ್ಲಿ ಸಾಲ್ವೆಂಟ್ ಹಾಕಿ ಮೂರು ಸಲ ಒರೆಸಿ, ಕೈ ತೊಳೆದು, ಸೀಲನ್ನ ಅದರ ಪ್ಲಾಸ್ಟಿಕ್ ಗೈಡ್ ಸಮೇತ ಇಟ್ಟು ಹೌಸಿಂಗಿಗೆ ತಳ್ಳಿದೆ. ತುಟಿಗೆ ಬೆರಳು ತಾಗಿಸ್ಲಿಲ್ಲ. ಈ ಸಲ ಸುತ್ತಿಗೆ ಬಿಟ್ಟು ದಪ್ಪ ಪ್ಲೇಟ್ ಮತ್ತೆ ಮೂರು ಉದ್ದ ಬೋಲ್ಟಿನಲ್ಲಿ ಕಾಲು ಕಾಲು ಸುತ್ತು ಬಿಗೀತಾ ಒಳಗೆ ಕೂರಿಸಿದೆ. ಆಳ: 9.5, 9.5, 9.6, 9.5.

ದಿನ 7: ಚೇಂಬರ್ ಮತ್ತೆ ಉಳಿದದ್ದು

ಸೀಲ್ ಹೌಸಿಂಗಿನ ಕೆಳ ಅಂಚು ಚೇಂಬರ್ ಪ್ಯಾಕಿಂಗ್ ಮೇಲೇ ಕೂರುತ್ತೆ, ಅದಕ್ಕೇ ಹೋದ ಸಲ ಅಲ್ಲಿ ಸಿಲಿಕಾನ್ ತುರುಕಿದ್ದು. ಈ ಸಲ ಚೇಂಬರ್ ಪೂರ್ತಿ ಇಳಿಸಿದೆ. ಆಯಿಲ್ ಪಂಪ್ ಜಾಲರಿ ನೋಡಿದಾಗ ಎದೆ ಧಸಕ್ ಅಂತು. ನಾನು ಹಾಕಿದ ಸಿಲಿಕಾನ್ ಒಳಗೆ ಉಕ್ಕಿ ಹುಳುವಿನ ಹಾಗೆ ಗಟ್ಟಿಯಾಗಿ, ತುಂಡಾಗಿ, ಜಾಲರಿಗೆ ಅಂಟಿತ್ತು, ಐದು ತುಂಡು, ಉದ್ದದ್ದು ಬೆರಳಿನ ಎರಡು ಗಿಣ್ಣಿನಷ್ಟು. ಜಾಲರಿ ಕಾಲುಭಾಗ ಮುಚ್ಚಿತ್ತು. ಇನ್ನಷ್ಟು ತುಂಡು ಸೇರಿ ಜಾಲರಿ ಮುಚ್ಚಿದ್ದಿದ್ರೆ ಎಣ್ಣೆ ಒತ್ತಡ ಬಿದ್ದು ಬೇರಿಂಗ್ ಹೋಗ್ತಿತ್ತು, ಲೀಕ್ ಸರಿ ಮಾಡೋಕೆ ಹೋಗಿ ಎಂಜಿನ್ನೇ ಕಳ್ಕೊಳ್ತಿದ್ವಿ. ಸಿಲಿಕಾನ್ ಬೇಕಾದ ಕಡೆ 2 ಮಿಲಿಮೀಟರ್ ಎಳೆ ಸಾಕು, ಹೊರಗೆ ಎಷ್ಟು ಉಕ್ಕಿದೆಯೋ ಒಳಗೂ ಅಷ್ಟೇ ಉಕ್ಕಿರುತ್ತೆ.

ಚೇಂಬರ್ ಅಂಚಲ್ಲಿ ಬೋಲ್ಟ್ ಜಾಗಗಳು ಮೇಲಕ್ಕೆ ಉಬ್ಬಿದ್ವು, ಯಾರೋ ಅತಿಯಾಗಿ ಬಿಗಿದಿದ್ದಾರೆ, ಅದನ್ನ ಕಬ್ಬಿಣದ ದಿಮ್ಮಿ ಮೇಲಿಟ್ಟು ಚಪ್ಪಟೆ ತಟ್ಟಿ, ಉದ್ದದ ಸ್ಕೇಲ್ ಇಟ್ಟು ನೋಡಿ, ಹೊಸ ಪ್ಯಾಕಿಂಗ್ ಹಾಕ್ದೆ. ಸೀಲ್ ಹೌಸಿಂಗ್ ಬ್ಲಾಕಿಗೆ ಸೇರೋ ಎರಡು ಮೂಲೆಯಲ್ಲಿ ಮಾತ್ರ ಕಡ್ಲೆಕಾಳಿನಷ್ಟು ಸಿಲಿಕಾನ್. ಬೋಲ್ಟ್ ಮಧ್ಯದಿಂದ ಅಂಚಿಗೆ, ಎರಡು ಸುತ್ತಿನಲ್ಲಿ, ಕೊನೆಗೆ 24 ನ್ಯೂಟನ್ ಮೀಟರ್. ಫ್ಲೈವೀಲ್ ಬೋಲ್ಟ್ ನಕ್ಷತ್ರದ ಕ್ರಮದಲ್ಲಿ ಮೂರು ಹಂತ, ಕೊನೆಗೆ 137. ಇವು ಈ ಎಂಜಿನ್ ಲೆಕ್ಕ, ನಿಮ್ಮದಕ್ಕೆ ನಿಮ್ಮ ಮ್ಯಾನ್ಯುಯಲ್ ನೋಡಿ. ಕೆಲವು ಎಂಜಿನ್‌ನಲ್ಲಿ ಫ್ಲೈವೀಲ್ ಬೋಲ್ಟಿನ ತೂತು ಕ್ರ್ಯಾಂಕ್ ಕೇಸಿನೊಳಗೆ ತೆರೆದಿರುತ್ತೆ, ಅಂಥದ್ದಕ್ಕೆ ಎಳೆಗೆ ಸೀಲೆಂಟ್ ಹಾಕ್ದೇ ಇದ್ರೆ ಬೋಲ್ಟಿನಿಂದಾನೇ ಎಣ್ಣೆ ಬರುತ್ತೆ.

ಟ್ಯಾಪೆಟ್ ಕವರ್, ಟರ್ಬೋ ಪೈಪ್, ಬ್ಲಾಕ್ ಪಕ್ಕದ ಕವರ್ ಮೂರರ ಪ್ಯಾಕಿಂಗೂ ಬದಲಾಯಿಸಿದೆ, ಒಟ್ಟು ಮೂರು ಗಂಟೆ ಕೆಲಸ, ಹೇಳೋವಂಥದ್ದೇನಿಲ್ಲ. ಟ್ಯಾಪೆಟ್ ಕವರ್ ಬೋಲ್ಟ್ ಕೆಳಗಿನ ರಬ್ಬರ್ ವಾಶರ್ ಸೀಳಿತ್ತು, ಬರೀ ಪ್ಯಾಕಿಂಗ್ ಹಾಕಿದ್ರೆ ಲೀಕ್ ನಿಲ್ತಿರ್ಲಿಲ್ಲ. ಸಿಲಿಕಾನ್ ಒಣಗೋಕೆ ಒಂದು ರಾತ್ರಿ ಬಿಟ್ಟು ಎಣ್ಣೆ, ಫಿಲ್ಟರ್ ಎರಡೂ ಹೊಸದು ಹಾಕಿದ್ದಾಯ್ತು. ಹಳೇ ಎಣ್ಣೆ ಎಲ್ಲಾ ಡ್ರಮ್ಮಿಗೆ.

ದಿನ 8: ಓಡಿಸಿ ನೋಡಿದ್ದು

ಸ್ಟಾರ್ಟ್ ಮಾಡೋ ಮುಂಚೆ ಡೀಸೆಲ್ ಬಂದ್ ಇಟ್ಟು ಎಣ್ಣೆ ಒತ್ತಡದ ಮುಳ್ಳು ಏಳೋವರೆಗೆ ಸ್ಟಾರ್ಟರ್‌ನಲ್ಲಿ ಬಿಟ್ಟು ಬಿಟ್ಟು ತಿರುಗಿಸಿದೆ. 20 ನಿಮಿಷ ಐಡಲ್, ಎಲ್ಲಾ ಕಡೆ ಪೌಡರ್ ಬಿಳೀನೇ. ಆಮೇಲೆ ಲೋಡ್ ಹಾಕಿ 60 ಕಿಲೋಮೀಟರ್, ಏರು ಇರೋ ದಾರಿ. ವಾಪಸ್ ಬಂದು ಕೆಳಗೆ ಮಲಗಿ ಕನ್ನಡಿ ಇಟ್ಟು ನೋಡ್ದೆ. ಬೆಲ್ ಹೌಸಿಂಗ್ ಒಳಗೆ ಒಣ. ರಾತ್ರಿ ತೂತಿನ ಕೆಳಗೆ ರಟ್ಟು ಹಾಸಿದ್ದೆ, ಬೆಳಗ್ಗೆ ರಟ್ಟಿನ ಮೇಲೆ ಧೂಳು ಬಿಟ್ರೆ ಏನಿಲ್ಲ.

ಈಗ 2,100 ಕಿಲೋಮೀಟರ್ ಆಗಿದೆ. ಟಾಪ್ ಅಪ್ ಮಾಡಿದ್ದು ಒಟ್ಟು ಅರ್ಧ ಲೀಟರ್. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬರ್ತಿದ್ದ ನೀಲಿ ಹೊಗೆನೂ ನಿಂತಿದೆ, ಟರ್ಬೋ ಹೋಗಿದೆ ಅಂತ ಅದನ್ನ ಬೇರೆ ಬಿಚ್ಚೋ ಯೋಚನೆ ಇತ್ತು, ಕ್ರ್ಯಾಂಕ್ ಕೇಸಲ್ಲಿ ಗಾಳಿ ತುಂಬಿದ್ರೆ ಟರ್ಬೋದ ಎಣ್ಣೆ ಕೆಳಗಿಳೀದೆ ಅದರ ಸೀಲ್ ದಾಟುತ್ತೆ, ಆ ಹೊಗೆ ಅದರದ್ದೇ. ಡಿಪ್‌ಸ್ಟಿಕ್ ಈಗ ತನ್ನ ಜಾಗದಲ್ಲೇ ಇರುತ್ತೆ.

ಮುಂದಿನ ಟೈಮಿಂಗ್ ಕವರ್ ಕೆಳ ಅಂಚಲ್ಲಿ ಮಾತ್ರ ಸ್ವಲ್ಪ ಬೆವರಿದೆ, ತೊಟ್ಟು ಆಗಿಲ್ಲ. ಬಿಚ್ಚಿಲ್ಲ, ಒದ್ದೆ ಎಲ್ಲಿವರೆಗೆ ಇದೆ ಅಂತ ಪೇಂಟ್ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಕಿಲೋಮೀಟರ್ ಬರೆದಿದೀನಿ, ಮುಂದಿನ ಆಯಿಲ್ ಚೇಂಜ್‌ಗೆ ಗೆರೆ ದಾಟಿದ್ರೆ ಆವಾಗ ನೋಡ್ತೀನಿ. ಡ್ರೈವರ್ ಈಗ ದಿನಾ ಸಂಜೆ ಟ್ಯಾಂಕಿನ ಡ್ರೇನ್ ಕಾಕ್ ಬಿಡುವಾಗ ಕೆಳಗೆ ಒಂದು ಬಿಳಿ ಬಟ್ಟೆ ಹಿಡೀತಾರೆ. ನಿನ್ನೆ ಅದರ ಫೋಟೋ ಕಳಿಸಿದ್ರು, ಬಟ್ಟೆ ಮೇಲೆ ಬರೀ ನೀರು.